ದೆವ್ವ ಕಂಡವನು
ಇವತ್ತು ಲಂಚ್ ಟೈಮಲ್ಲಿ ಆಫೀಸಿನ ಅಮೆರಿಕನ್ ಫುಟ್ಬಾಲ್ ಟೀಮ್ ಜೆಟ್ಸ್‌ನ ಫ್ಯಾನ್ ಒಬ್ಬ ಮತ್ತೆ ಶುರು ಹಚ್ಕೊಂಡ, ಬಾಲ್ ಎಸೆದು ಆಟ ನಡ್ಸೋ ಕ್ವಾರ್ಟರ್‌ಬ್ಯಾಕ್ ಸರಿ ಇಲ್ಲ ಅಂದ್ರೆ ಸುತ್ತ ಯಾರನ್ನ ನಿಲ್ಸಿದ್ರೂ ಅಷ್ಟೇನಪ್ಪ ಅಂತ.

ನಾನು ಜೆಟ್ಸ್‌ನ ಹಳೇ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್ ಹೆಸ್ರು ತೆಗ್ದೆ. ಊಟ ಬಿಟ್ಟು ನನ್ನನ್ನೇ ನೋಡ್ದ ಪಾಪ 😄

2019ರ ಅಕ್ಟೋಬರ್, ಪೇಟ್ರಿಯಟ್ಸ್ ಟೀಮ್ ಎದುರು 33-0 ಸೋಲು, ನಾಲ್ಕು ಇಂಟರ್ಸೆಪ್ಷನ್ (ಎಸೆದ ಬಾಲ್ ಎದುರಾಳಿ ಕೈಗೆ), ಬೆಂಚಲ್ಲಿ ಕೂತು ಈ ಹುಡ್ಗ "ನಂಗೆ ದೆವ್ವ ಕಾಣ್ತಿದೆ" ಅಂದಿದ್ದು ಅವ್ನ ಮೈಕಲ್ಲಿ ರೆಕಾರ್ಡ್ ಆಗಿ ಟೀವಿಲಿ ದೇಶಕ್ಕೆಲ್ಲ ಕೇಳ್ಸಿಬಿಡ್ತು. ಆಗ ಅವನಿಗೆ ಬರೀ 22. ಇಲ್ಲದ ಡಿಫೆಂಡರ್ ಕೂಡ ಕಣ್ಮುಂದೆ ಬರ್ತಾನೆ ಅಂದ್ರೆ ಎಷ್ಟು ಏಟು ತಿಂದಿರ್ಬೇಕು ಹೇಳಿ. ಜನ ವರ್ಷಗಟ್ಲೆ ಆಡ್ಕೊಂಡು ನಕ್ರು.

ಅದೇ ಮನುಷ್ಯ 2024ರಲ್ಲಿ ವೈಕಿಂಗ್ಸ್‌ಗೆ ಬಂದ, ಆ ಕಡೆ ಜಸ್ಟಿನ್ ಜೆಫರ್ಸನ್, ಈ ಕಡೆ ಜೋರ್ಡನ್ ಆಡಿಸನ್, ಇಬ್ರೂ ಬಾಲ್ ಹಿಡಿಯೋ ರಿಸೀವರ್‌ಗಳು, ಕೋಚ್ ಕೆವಿನ್ ಓಕಾನಲ್ ತಾನೇ ಹಳೇ ಕ್ವಾರ್ಟರ್‌ಬ್ಯಾಕು. 35 ಟಚ್‌ಡೌನ್, 14 ಗೆಲುವು! ಕೈ ಅದೇ, ಬಾಲೂ ಅದೇ.

ಆದ್ರೆ ನಮ್ ಜೆಟ್ಸ್ ಮಹಾಶಯ ಬಿಡ್ಬೇಕಲ್ಲ, ಪ್ಲೇಆಫಲ್ಲಿ ಏನಾಯ್ತು ಅಂದ. ನಿಜ ಮಾರಾಯ. ರ‍್ಯಾಮ್ಸ್ ಎದುರು ಒಂಬತ್ತು ಸಲ ಸ್ಯಾಕ್ ಆದ, ಅಂದ್ರೆ ಬಾಲ್ ಎಸೆಯೋ ಮೊದ್ಲೇ ಕೆಡವಿದ್ರು, ಜೆಫರ್ಸನ್ ಇದ್ದೂ 27-9 ಸೋಲು. ಕೆಲವು ಸಲ ಇವನೇ ಬಾಲ್ ಬಿಡೋಕೆ ಲೇಟ್ ಮಾಡ್ದ, ಅದೂ ಹೌದು.

ಅದಕ್ಕೇ ನಂಗನ್ಸೋದು, ಸ್ಟಾರ್ ರಿಸೀವರ್ ತರೋದಕ್ಕಿಂತ ಮೊದ್ಲು ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಎದುರಾಳಿಗಳ್ನ ತಡೆಯೋ ಆ ಐದು ಜನ ದಪ್ಪಣ್ಣಂದ್ರನ್ನ ಸರಿಯಾಗಿ ಹುಡುಕ್ಬೇಕು ಅಂತ. ಅವ್ರ ಹೆಸ್ರಿನ ಜೆರ್ಸಿ ಯಾರೂ ಹಾಕಲ್ಲ ಬಿಡಿ, ನಾನೂ ಹಾಕಿಲ್ಲ.