ಮೂರು ಮೈಕ್, ಒಂದು ಕೋಣೆ: ಸ್ಟ್ರೋಕ್ಸ್ ದಾರಿ ಹಿಡಿದ ನಮ್ಮ ಧ್ವನಿಮುದ್ರಣ

ನಮ್ಮ ತಂಡದ ನಾಲ್ಕು ಕನ್ನಡ ಹಾಡುಗಳನ್ನು ಮೈಸೂರಿನ ಮನೆಯ ಮಹಡಿಯಲ್ಲೇ ಧ್ವನಿಮುದ್ರಿಸುವ ಕೆಲಸ ಅರ್ಧದಷ್ಟು ಮುಗಿದಿದೆ. ಶುರುವಿನಲ್ಲೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದೆವು. ನ್ಯೂಯಾರ್ಕಿನ ದಿ ಸ್ಟ್ರೋಕ್ಸ್ ತಂಡ 2001ರಲ್ಲಿ ತನ್ನ ಚೊಚ್ಚಲ ಆಲ್ಬಂ ‘ಈಸ್ ದಿಸ್ ಇಟ್’ ಅನ್ನು ಮಾಡಿದ ಬಗೆಯಲ್ಲೇ ನಾವೂ ಮಾಡಬೇಕು: ಡ್ರಮ್ಸ್‌ಗೆ ಮೂರೇ ಮೈಕ್, ಎಲ್ಲರೂ ಒಂದೇ ಹೊತ್ತಿಗೆ ನುಡಿಸುವುದು, ಹಾಡುವ ದನಿ ಒಂದು ಸಣ್ಣ ಆಂಪ್ಲಿಫೈಯರ್ ಮೂಲಕವೇ ಹಾದು ಬರುವುದು.

ಈ ಆಲ್ಬಮ್ಮೇ ಏಕೆ ಎಂದು ಗೆಳೆಯರು ಕೇಳುತ್ತಲೇ ಇದ್ದಾರೆ. ಆಲ್ಬಂ ಹೊರಬರುವ ಮೊದಲೇ ಆ ಐವರು ಹುಡುಗರ ಸುತ್ತ ಎದ್ದಿದ್ದ ಅಬ್ಬರ ನೆನೆಸಿಕೊಂಡರೆ ಈಗಲೂ ಆಶ್ಚರ್ಯವಾಗುತ್ತದೆ. ಮೂರು ಹಾಡುಗಳ ಡೆಮೊ (ಮಾದರಿ ಧ್ವನಿಮುದ್ರಣ) ಒಂದನ್ನು ಲಂಡನ್ನಿನ ಸ್ವತಂತ್ರ ಧ್ವನಿಮುದ್ರಿಕೆ ಸಂಸ್ಥೆ ರಫ್ ಟ್ರೇಡ್‌ನ ಜೆಫ್ ಟ್ರಾವಿಸ್ ದೂರವಾಣಿಯಲ್ಲೇ ಕೇಳಿ ಒಪ್ಪಿಕೊಂಡರು. 2001ರ ಜನವರಿಯಲ್ಲಿ ಅದೇ ಡೆಮೊ ‘ದಿ ಮಾಡರ್ನ್ ಏಜ್’ ಎಂಬ ಹೆಸರಿನಲ್ಲಿ ಬಂತು. ಬ್ರಿಟನ್ನಿನ ಸಂಗೀತ ಪತ್ರಿಕೆಗಳು ರಾಕ್ ಸಂಗೀತವನ್ನು ಉಳಿಸಲು ಬಂದವರೆಂದು ಅವರನ್ನು ಹೊತ್ತು ಮೆರೆಸಿದವು. ಅಮೆರಿಕದಲ್ಲಿ ದೊಡ್ಡ ಸಂಸ್ಥೆಗಳು ಪೈಪೋಟಿಗೆ ಬಿದ್ದವು. ಕೊನೆಗೆ ತಂಡ ಆರ್‌ಸಿಎ ಸಂಸ್ಥೆಯ ಪಾಲಾಯಿತು. ಇಷ್ಟೆಲ್ಲ ನಿರೀಕ್ಷೆ ಹೆಗಲ ಮೇಲಿರುವಾಗ ಯಾರಾದರೂ ದುಬಾರಿ ಸ್ಟುಡಿಯೋ ಹುಡುಕಿಕೊಂಡು ಹೋಗುತ್ತಾರೆ. ಇವರೂ ಮೊದಲು ಪಿಕ್ಸೀಸ್ ತಂಡದ ಆಲ್ಬಂಗಳನ್ನು ನಿರ್ಮಿಸಿದ್ದ ಗಿಲ್ ನಾರ್ಟನ್ ಜೊತೆ ಕೆಲಸ ಮಾಡಿ ನೋಡಿದರು. ನಾದ ಅತಿಯಾಗಿ ನುಣುಪಾಯಿತೆಂದು ಅನಿಸಿ ಅದನ್ನು ಬದಿಗಿಟ್ಟು, ಡೆಮೊ ಮಾಡಿಕೊಟ್ಟಿದ್ದ ಗಾರ್ಡನ್ ರಾಫೆಲ್ ಅವರ ಬಳಿಗೇ ಮರಳಿದರು. ಅವರ ಸ್ಟುಡಿಯೋ ಇದ್ದದ್ದು ಈಸ್ಟ್ ವಿಲೇಜ್‌ನ ಒಂದು ನೆಲಮಾಳಿಗೆಯಲ್ಲಿ. ಆ ಆಯ್ಕೆಯ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ವಿಷಯ. ಆಲ್ಬಮ್ಮಿನ ಒರಟು ನಾದ ಕೇಳಿದವರು ಹಳೆಯ ಟೇಪ್ ಯಂತ್ರದಲ್ಲಿ ಮುದ್ರಿಸಿರಬೇಕು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಕಂಪ್ಯೂಟರಿನಲ್ಲಿ ಆದ ಕೆಲಸ. ನನ್ನ ಲ್ಯಾಪ್‌ಟಾಪಿನ ಬಗ್ಗೆ ನನಗಿದ್ದ ಕೀಳರಿಮೆ ಇದನ್ನು ತಿಳಿದ ದಿನವೇ ಹೋಯಿತು.

ಡ್ರಮ್ಸ್

ಹೆಚ್ಚು ಸಮಯ ಹಿಡಿದದ್ದು ಇದೇ. ಸಾಮಾನ್ಯವಾಗಿ ಒಂದು ಡ್ರಮ್ ಸೆಟ್‌ಗೆ ಎಂಟು, ಹತ್ತು ಮೈಕ್ ಇಡುತ್ತಾರೆ; ಪ್ರತಿ ಡ್ರಮ್ಮಿಗೂ ಒಂದೊಂದು, ಸಿಂಬಲ್‌ಗಳಿಗೆ (ಲೋಹದ ತಟ್ಟೆಗಳಿಗೆ) ಬೇರೆ. ರಾಫೆಲ್ ಇಟ್ಟದ್ದು ಮೇಲೊಂದು, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಮುಂದೊಂದು, ಕೋಣೆಯ ಮೂಲೆಯಲ್ಲಿ ಇನ್ನೊಂದು. ಮೂರೇ ಇದ್ದಾಗ ಮಿಕ್ಸ್ ಮಾಡುವ, ಅಂದರೆ ಎಲ್ಲ ಸದ್ದುಗಳನ್ನು ಹದವಾಗಿ ಬೆರೆಸುವ ಹೊತ್ತಿಗೆ ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಒಂದನ್ನೇ ಹೆಚ್ಚಿಸುವ ಅವಕಾಶ ಇಲ್ಲ. ಸ್ನೇರ್ ಜೋರಾಗಿ ಕೇಳಬೇಕೆಂದರೆ ಡ್ರಮ್ಮರ್ ಅದನ್ನು ಜೋರಾಗಿಯೇ ಬಾರಿಸಬೇಕು, ಸಿಂಬಲ್ ಮೇಲೆ ಕೈ ಹಗುರಾಗಿರಬೇಕು. ಮಿಕ್ಸಿಂಗ್ ಎನ್ನುವುದು ಅಲ್ಲಿಗೆ ನುಡಿಸುವವನ ಕೈಗೇ ಬಂದುಬಿಡುತ್ತದೆ. ನಮ್ಮ ಡ್ರಮ್ಮರ್‌ಗೆ ಸಿಂಬಲ್ ಎಂದರೆ ಪ್ರಾಣ. ಒಂದೊಂದು ಟೇಕ್ ಆದ ಮೇಲೂ ಕೂತು ಕೇಳಿ, ಕೈ ತಾನಾಗಿಯೇ ತಿದ್ದಿಕೊಂಡ. ಈಗ ಅವನ ವಾದನದಲ್ಲಿರುವ ಹದವನ್ನು ಯಾವ ಯಂತ್ರವೂ ಕೊಡಲಾರದು.

ಮೈಕ್ ಇಡುವ ಜಾಗದ ಲೆಕ್ಕ ಬೇರೆ ಇದೆ. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಸ್ನೇರ್ ಪೆಟ್ಟು ಒಂದು ಮೈಕನ್ನು ಮೊದಲು ಮುಟ್ಟಿ, ಇನ್ನೊಂದನ್ನು ಕೊಂಚ ತಡವಾಗಿ ಮುಟ್ಟಿದರೆ, ಎರಡನ್ನೂ ಸೇರಿಸಿದಾಗ ಕೆಲವು ತರಂಗಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ಆಗ ತುಂಬಿಕೊಂಡಿದ್ದ ನಾದ ಟೊಳ್ಳಾಗಿ ಕೇಳುತ್ತದೆ. ಮೇಲಿನ ಮೈಕನ್ನು ದಾರ ಹಿಡಿದು ಅಳೆಯುತ್ತಾ, ಇಂಚು ಇಂಚಾಗಿ ಸರಿಸುತ್ತಾ, ಕಿಕ್ ಮೈಕ್‌ನ ಧ್ರುವತೆಯನ್ನು (ತರಂಗದ ಏರಿಳಿತದ ದಿಕ್ಕನ್ನು) ತಿರುಗಿಸಿ ಹೋಲಿಸುತ್ತಾ ಕೆಲವು ಸಂಜೆಗಳೇ ಕಳೆದವು. ಮೂಲೆಯ ಮೈಕ್ ಮಾತ್ರ ದೂರವೇ ಇರಲಿ ಎಂದು ಬಿಟ್ಟೆವು. ಅದು ತಡವಾಗಿ ಹಿಡಿಯುವ ಕೋಣೆಯ ಮರುದನಿಯಿಂದಲೇ ಪೆಟ್ಟಿಗೆ ಗಾತ್ರ ಬರುತ್ತದೆ. ಅದರ ಮೇಲೆ ಕಂಪ್ರೆಸರ್ (ಜೋರಾದ, ಮೆಲ್ಲನೆಯ ಸದ್ದುಗಳ ಅಂತರ ತಗ್ಗಿಸುವ ಸಾಧನ) ಬಿಗಿಯಾಗಿ ಹಾಕಿದಾಗ ಮೊದಲ ಬಾರಿಗೆ ನಾವು ಬಯಸಿದ್ದ ನಾದ ಸ್ಪೀಕರಿನಲ್ಲಿ ಕೇಳಿಸಿತು. ಆ ಕ್ಷಣದ ಸಂತೋಷವನ್ನು ಹೇಗೆ ಬರೆಯಲಿ!

ಸ್ಟ್ರೋಕ್ಸ್‌ನ ‘ಹಾರ್ಡ್ ಟು ಎಕ್ಸ್‌ಪ್ಲೇನ್’ ಹಾಡಿನಲ್ಲಿ ಫ್ಯಾಬ್ರಿಜಿಯೊ ಮೊರೆಟ್ಟಿಯ ಡ್ರಮ್ಸ್ ಯಂತ್ರದ ಹಾಗೆ ಕೇಳುವುದು ಇಂಥದೇ ಕಂಪ್ರೆಷನ್ನಿನಿಂದ; ನುಡಿಸಿದ್ದು ಮನುಷ್ಯನೇ. ಆ ಬಿಗಿಯಾದ ಲಯವನ್ನು ಕೈಯಿಂದ ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ಡ್ರಮ್ಮರ್ ಪಕ್ಕ ಕೂತು ನೋಡಿದವರಿಗೇ ಗೊತ್ತಾಗುತ್ತದೆ.

ಗಿಟಾರ್

ಎರಡು ಗಿಟಾರ್, ಒಂದು ಬೇಸ್ (ಕೆಳ ಸ್ವರಗಳ ಗಿಟಾರ್). ಬೇಸ್ ಅನ್ನು ನೇರವಾಗಿ ಆಡಿಯೊ ಇಂಟರ್‌ಫೇಸ್‌ಗೇ (ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆಗೆ) ಜೋಡಿಸಿದೆವು. ಗಿಟಾರ್ ಆಂಪ್ಲಿಫೈಯರ್‌ಗಳನ್ನು ಉದ್ದ ತಂತಿ ಎಳೆದು ಮೆಟ್ಟಿಲ ಬಳಿ ಇಟ್ಟು, ಹಾಸಿಗೆಗಳನ್ನು ಅಡ್ಡ ನಿಲ್ಲಿಸಿದೆವು. ಇಲ್ಲದಿದ್ದರೆ ಗಿಟಾರ್ ಸದ್ದೆಲ್ಲ ಡ್ರಮ್ಸ್ ಮೈಕ್‌ಗೆ ನುಗ್ಗುತ್ತದೆ.

ನಿಜವಾದ ಕೆಲಸ ಇದ್ದದ್ದು ಸಲಕರಣೆಯಲ್ಲಿ ಅಲ್ಲವೇ ಅಲ್ಲ. ಸ್ಟ್ರೋಕ್ಸ್‌ನ ಗಿಟಾರ್ ವಾದಕರಾದ ನಿಕ್ ವಲೆನ್ಸಿ ಮತ್ತು ಆಲ್ಬರ್ಟ್ ಹ್ಯಾಮಂಡ್ ಜೂನಿಯರ್ ನುಡಿಸಿದ್ದನ್ನು ಎಡ ಬಲ ಬೇರೆ ಮಾಡಿಕೊಂಡು ಕೇಳಿದರೆ, ಒಬ್ಬರ ಹಾದಿಗೆ ಇನ್ನೊಬ್ಬರು ಕಾಲಿಡುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಒಬ್ಬರು ತಾಳ ಹಿಡಿದು ನಿಂತಾಗ ಇನ್ನೊಬ್ಬರು ಮೇಲಿನ ತಂತಿಗಳಲ್ಲಿ ಒಂಟಿ ಸ್ವರಗಳ ಎಳೆ ನೇಯುತ್ತಾರೆ. ಅವೆರಡರ ನಡುವೆ ನಿಕೊಲಾಯ್ ಫ್ರೇಟ್ಯೂರ್ ಅವರ ಬೇಸ್ ತನ್ನದೇ ರಾಗ ಹಾಡುತ್ತದೆ. ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಕಿವಿ ಹಿಡಿದು ಎಳೆಯುವುದು ಬೇಸೇ. ಚೆಂಡೆ ಮೊಳಗುವಾಗಲೂ ಮದ್ದಳೆ ಮುಚ್ಚಿಹೋಗದ ಹಾಗೆ, ಪ್ರತಿ ವಾದ್ಯಕ್ಕೂ ತನ್ನ ಜಾಗವಿದೆ. ಹಾಡುಗಳನ್ನು ಬರೆದದ್ದು ತಂಡದ ಗಾಯಕ ಜೂಲಿಯನ್ ಕಾಸಬ್ಲಾಂಕಾಸ್. ಈ ಜೋಡಣೆಯ ಶಿಸ್ತಿನಲ್ಲಿ ಅವರ ಮನಸ್ಸು ಕಾಣುತ್ತದೆ.

ನಮ್ಮ ಇಬ್ಬರು ಗಿಟಾರ್ ವಾದಕರೂ ಒಂದೇ ಕಾರ್ಡ್‌ಗಳನ್ನು (ಸ್ವರಗುಚ್ಛಗಳನ್ನು) ಒಂದೇ ಎಡೆಯಲ್ಲಿ ಬಾರಿಸುತ್ತಿದ್ದರು.  ಎಲ್ಲರೂ ಒಟ್ಟಿಗೆ ನುಡಿಸುವಾಗ ಅದೊಂದು ಗದ್ದಲದ ಮುದ್ದೆಯಾಯಿತು. ಹಾಗಾಗಿ ಎರಡು ವಾರ ಯಾವ ಗುಂಡಿಯನ್ನೂ ಒತ್ತದೆ ಹಾಡುಗಳನ್ನು ಮತ್ತೆ ಜೋಡಿಸಿದೆವು. ಪಲ್ಲವಿಯಲ್ಲಿ ಒಬ್ಬರು ಸುಮ್ಮನಿರುವುದು, ಚರಣದಲ್ಲಿ ಇನ್ನೊಬ್ಬರು ಎರಡೇ ತಂತಿಗಳಲ್ಲಿ ಉಳಿಯುವುದು. ಕಡಿಮೆ ನುಡಿಸಿದಷ್ಟೂ ಹಾಡು ದೊಡ್ಡದಾಗುತ್ತಾ ಬಂತು. ಈ ಆಲ್ಬಮ್ಮಿನಿಂದ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ: ಅದರ ಒರಟುತನದ ಕೆಳಗೆ ಅತ್ಯಂತ ಅಚ್ಚುಕಟ್ಟಾದ ಲೆಕ್ಕಾಚಾರವಿದೆ. ನಿರ್ಲಕ್ಷ್ಯದಿಂದ ಅಂಥ ನಾದ ಹುಟ್ಟುವುದಿಲ್ಲ.

ದನಿ

ಕಾಸಬ್ಲಾಂಕಾಸ್ ಹಾಡಿದ್ದು ಪೀವಿ ಕಂಪನಿಯ ಒಂದು ಪುಟ್ಟ ಅಭ್ಯಾಸದ ಆಂಪ್ಲಿಫೈಯರ್ ಮೂಲಕ. ದನಿ ಹರಿದಂತೆ, ದೂರವಾಣಿಯಲ್ಲಿ ಬಂದಂತೆ ಕೇಳುವುದು ಅದರಿಂದ. ನಮ್ಮ ಗಾಯಕಿಯ ದನಿಯನ್ನೂ ಹಾಗೆಯೇ ಹಾಯಿಸಿ ನೋಡಿದೆವು. ಇಲ್ಲಿ ಒಂದು ತೊಡಕಿದೆ. ಕನ್ನಡದಲ್ಲಿ ತ, ಥ, ಟ, ಠಗಳ ನಡುವಿನ ವ್ಯತ್ಯಾಸ ಉಳಿಯುವುದು ಬಹುಮಟ್ಟಿಗೆ ಮೇಲಿನ ಆವರ್ತನಗಳಲ್ಲಿ, ಉಸಿರಿನ ಸಣ್ಣ ಸದ್ದಿನಲ್ಲಿ. ಸಣ್ಣ ಸ್ಪೀಕರ್ ಮೊದಲು ನುಂಗುವುದು ಅದನ್ನೇ. ಸಾಹಿತ್ಯ ಕೇಳಿಸದ ಕನ್ನಡ ಹಾಡು ನನಗೆ ಬೇಡ. ಹಾಗಾಗಿ ಒಂದು ಮೈಕ್ ನೇರವಾಗಿ, ಇನ್ನೊಂದು ಆಂಪ್ಲಿಫೈಯರ್ ಮುಂದೆ; ಎರಡನ್ನೂ ಬೆರೆಸುತ್ತಿದ್ದೇವೆ. ಸ್ಟ್ರೋಕ್ಸ್ ದಾರಿಯಿಂದ ನಾವು ಸರಿದಿರುವುದು ಇಲ್ಲಿ ಮಾತ್ರ, ಅದೂ ಮನಸಾರೆ.

ಮಧ್ಯೆ ಮಳೆ ಕೆಲಸ ನಿಲ್ಲಿಸಿತ್ತು. ಪಕ್ಕದ ಮನೆಯ ತಗಡಿನ ಮೇಲೆ ಬೀಳುವ ಸದ್ದು ಮೂಲೆಯ ಮೈಕ್‌ಗೆ ಚೆನ್ನಾಗಿಯೇ ಹಿಡಿಯುತ್ತದೆ.

ಬಿಡುವಿನಲ್ಲಿ ಆಲ್ಬಮ್ಮಿನ ಎರಡು ಮುಖಪುಟಗಳನ್ನೂ ಮುಂದಿಟ್ಟುಕೊಂಡು ನೋಡುತ್ತಿದ್ದೆ. ಬ್ರಿಟನ್ನಿನ ಪ್ರತಿಯಲ್ಲಿ ಕಾಲಿನ್ ಲೇನ್ ತೆಗೆದ ಕೈಗವಸಿನ ಚಿತ್ರ. ಅಮೆರಿಕಕ್ಕೆ ಬೇರೆ: ಯುರೋಪಿನ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದ ಬಬಲ್ ಚೇಂಬರಿನಲ್ಲಿ (ಕಣಗಳ ಹಾದಿಯನ್ನು ಗುಳ್ಳೆಗಳಾಗಿ ತೋರಿಸುವ ತೊಟ್ಟಿಯಲ್ಲಿ) ಕಣಗಳು ಬಿಟ್ಟುಹೋದ ಸುರುಳಿ ಗೆರೆಗಳು. ನನಗೆ ಎರಡನೆಯದೇ ಇಷ್ಟ. ಅಮೆರಿಕದ ಸಿಡಿ ಸೆಪ್ಟೆಂಬರ್ 11ರ ದಾಳಿಯ ನಂತರ ಮುಂದೂಡಲ್ಪಟ್ಟು ಅಕ್ಟೋಬರಿನಲ್ಲಿ ಬಂತು. ನ್ಯೂಯಾರ್ಕ್ ಪೊಲೀಸರನ್ನು ಟೀಕಿಸುವ ಒಂದು ಹಾಡನ್ನು ತೆಗೆದು ಬೇರೊಂದನ್ನು ಸೇರಿಸಿದ್ದರು. ಊರು ಅಷ್ಟು ನೋವಿನಲ್ಲಿದ್ದಾಗ ಅದು ಸರಿಯಾದ ನಿರ್ಧಾರ ಎಂದೇ ನಾನು ಭಾವಿಸುತ್ತೇನೆ.

ಸದ್ಯದ ಸ್ಥಿತಿ: ಎರಡು ಹಾಡುಗಳ ವಾದ್ಯಗಳೂ ದನಿಯೂ ಮುಗಿದಿವೆ. ಮೂರನೆಯದರಲ್ಲಿ ಬೇಸ್ ಭಾಗ ಇನ್ನೂ ಬದಲಾಗುತ್ತಿದೆ. ನಾಲ್ಕನೆಯದು ನಿಧಾನ ಲಯದ ಹಾಡು. ಅದಕ್ಕೆ ಮೂಲೆಯ ಮೈಕನ್ನು ಮೆಟ್ಟಿಲ ತುದಿಗೆ ಒಯ್ದು ನೋಡಬೇಕೆಂದಿದ್ದೇವೆ. ಆಂಪ್ಲಿಫೈಯರ್‌ಗಳಿಗೆ ಬೇರೆ ಜಾಗ ಹುಡುಕಬೇಕು. ಡ್ರಮ್ಮರ್ ಹೊಸ ಸ್ನೇರ್ ಚರ್ಮ ತಂದಿದ್ದಾನೆ. ಭಾನುವಾರ ಬೆಳಿಗ್ಗೆ ಅದನ್ನು ಕಟ್ಟಿ, ಶ್ರುತಿ ಮಾಡಿ, ಮತ್ತೆ ದಾರ ಹಿಡಿದು ಅಳತೆ ಶುರು.