0.8 ಮೀಟರ್ ನಂಬಿ ಮಗುಚಿದ್ದು

ನಾನೇ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ, ಕಿರಿದಾದ ದೋಣಿ) ಕಟ್ಟಿದ ಕಥೆ ಉದ್ದಕ್ಕೆ ಹೇಳುವುದಿಲ್ಲ. ಪ್ಲೈವುಡ್ ಹೊಲಿದದ್ದು, ಎಪಾಕ್ಸಿ ಅಂಟು ಬಳಿದದ್ದು, ಉಜ್ಜಿ ಉಜ್ಜಿ ಭುಜ ಬಿದ್ದುಹೋಗಿದ್ದು, ಎಲ್ಲ ಆಯ್ತು. ಹಿಡಕಲ್ ಡ್ಯಾಮಿನ ಹಿನ್ನೀರಲ್ಲಿ ಮೂರು ಸಲ ಇಳಿಸಿದೆ, ಒಂದು ಹನಿ ಸೋರಲಿಲ್ಲ. ಮೆರೀನ್ ಪ್ಲೈ (ನೀರು ತಡೆಯುವ ಪ್ಲೈವುಡ್) ಕೇಳಿದಾಗ "ಬೆಳಗಾವಿಗೆ ಸಮುದ್ರ ಯಾವಾಗ ಬಂತ್ರೀ ಸರ?" ಅಂದಿದ್ದ ಅಂಗಡಿಯವನಿಗೆ ಫೋಟೋನೂ ಕಳಿಸಿದೆ.

ಫಜೀತಿ ಆಗಿದ್ದು ಕಾರವಾರದಲ್ಲಿ. ದೋಣಿದೇನೂ ತಪ್ಪಿಲ್ಲ.

ಏಪ್ರಿಲ್‌ನ ಒಂದು ರವಿವಾರ. ನಾಲ್ಕು ತಾಸು ಗಾಡಿ ಓಡಿಸಿ ಬೆಳಿಗ್ಗೆ ಏಳಕ್ಕೆ ದಂಡೆಯಲ್ಲಿದ್ದೆ. ಆ್ಯಪ್‌ನಲ್ಲಿ ತೆರೆ 0.8 ಮೀಟರ್, ಗಾಳಿ 5 ನಾಟ್ (ತಾಸಿಗೆ ಸುಮಾರು 9 ಕಿಲೋಮೀಟರ್). ಎರಡು ವಾರದ ಹಿಂದೆ 1 ಮೀಟರ್ ಇದ್ದಾಗಲೇ ಆರಾಮಾಗಿ ಹೋಗಿ ಬಂದಿದ್ದೆ, ಇದೇನು ಮಹಾ? ಐದು ನಿಮಿಷ ನಿಂತು ನೋಡಿದೆ. ನೀರು ಸುಮ್ನೆ ಮಲಗಿತ್ತು. ಮೀನುಗಾರರ ದೋಣಿ ಒಂದೂ ನೀರಿಗಿಳಿದಿರಲಿಲ್ಲ. ಅದು ಕಣ್ಣಿಗೆ ಬಿತ್ತು, ಇಲ್ಲ ಅನ್ನಲ್ಲ. ರವಿವಾರ ರಜೆ ಇರಬೇಕು ಅಂದುಕೊಂಡೆ!

ಮೂವತ್ತು ಮೀಟರ್ ಹೋಗಿದ್ದೆನೋ ಏನೋ, ಮುಂದೆ ಸಾಲಾಗಿ ನಾಲ್ಕು ತೆರೆ ಎದ್ದವು. ಮೊದಲನೆಯದನ್ನು ಹೇಗೋ ದಾಟಿದೆ. ಎರಡನೆಯದು ಕಯಾಕಿನ ಮೂತಿಯನ್ನು ಆಕಾಶಕ್ಕೆತ್ತಿ, ಹಂಚಿನ ಮೇಲಿನ ರೊಟ್ಟಿಯಂತೆ ಮಗುಚಿ ಹಾಕಿತು. ಲೈಫ್ ಜಾಕೆಟ್, ಹೆಲ್ಮೆಟ್ ಎರಡೂ ಇದ್ದವು, ನಾನು ಇಡಿಯಾಗಿ ಬಂದೆ. ಪ್ಯಾಡಲ್ (ಹುಟ್ಟು) ಎರಡು ತುಂಡಾಗಿ ಬಂತು. ಹೊಸದಕ್ಕೆ ಆರ್ಡರ್ ಹಾಕಿದೆ, 18 ದಿನ ಕಾಯಿಸಿ ಕಳಿಸಿದ ಡಬ್ಬದಲ್ಲಿ ಎರಡೂ ಎಡಗಡೆಯ ಅಲಗು. ಫೋನ್ ಮಾಡಿದರೆ "ತಿರುಗಿಸಿ ಹಾಕ್ಕೊಳ್ರಿ" ಅಂತ ಉಪದೇಶ ಬೇರೆ.

ಮನೆಗೆ ಬಂದು ಆ್ಯಪ್ ಮತ್ತೆ ತೆಗೆದೆ. 0.8ರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು: 15 ಸೆಕೆಂಡ್. ಅಂದರೆ ಒಂದು ತೆರೆ ಬಂದ ಮೇಲೆ ಮುಂದಿನದು ಬರುವವರೆಗಿನ ಹೊತ್ತು. ಹಿಂದಿನ ಸಲ ಅದು 6 ಇತ್ತು.

ಬರೀ ಎತ್ತರ ನೋಡುವುದೆಂದರೆ ಕಬ್ಬಿನ ಟ್ರೇಲರ್ ಎತ್ತರ ನೋಡಿ ತೂಕ ಹೇಳಿದಂತೆ. ಆಳದ ನೀರಿನಲ್ಲಿ ತೆರೆಯಿಂದ ತೆರೆಗಿರುವ ದೂರ, ಸೆಕೆಂಡಿನ ವರ್ಗವನ್ನು 1.56ರಿಂದ ಗುಣಿಸಿದಷ್ಟು ಮೀಟರ್. 6 ಸೆಕೆಂಡಿಗೆ 56 ಮೀಟರ್, 15ಕ್ಕೆ 350! ಅಷ್ಟುದ್ದದ್ದು ದಂಡೆ ಇನ್ನೂ ದೂರ ಇರುವಾಗಲೇ ತಳ ತಾಗಿಸಿಕೊಂಡು ನಿಧಾನವಾಗುತ್ತದೆ, ಹಿಂದಿನ ನೀರೆಲ್ಲ ಒತ್ತಿಕೊಂಡು ಮೇಲೇಳುತ್ತದೆ. ಲೆಕ್ಕ ಹಾಕಿದೆ. 0.8 ಮೀಟರ್‌ನ ತೆರೆ, 6 ಸೆಕೆಂಡಿನದಾದರೆ ಒಡೆಯುವಾಗ ಸುಮಾರು 1 ಮೀಟರ್, 15 ಸೆಕೆಂಡಿನದಾದರೆ ಒಂದೂವರೆ. ಅದೂ ಸಾಲದು ಅಂತ, ಮುನ್ಸೂಚನೆಯ ಆ 0.8 ಎಲ್ಲಕ್ಕಿಂತ ದೊಡ್ಡ ತೆರೆಯೂ ಅಲ್ಲ. ಎಲ್ಲ ತೆರೆಗಳಲ್ಲಿ ದೊಡ್ಡವಾದ ಮೂರನೇ ಒಂದು ಭಾಗದ ಸರಾಸರಿ ಅಷ್ಟೇ. ಒಂಟಿ ತೆರೆಯೊಂದು ಅದರ ಎರಡು ಪಟ್ಟಿನ ಹತ್ತಿರ ಬಂದರೂ ಆಶ್ಚರ್ಯವಿಲ್ಲ.

ಇಂಥ ಉದ್ದ ತೆರೆಗಳು ಹುಟ್ಟುವುದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ. ದಿನಕ್ಕೆ ಸಾವಿರ ಕಿಲೋಮೀಟರ್ ಲೆಕ್ಕದಲ್ಲಿ ಬರುತ್ತವೆ, ಇಲ್ಲಿ ಎಲೆ ಅಲ್ಲಾಡದಿದ್ದರೂ ಬರುತ್ತವೆ. ಜೋರಾಗಿ ಬಂದು ದಂಡೆಗೇ ನುಗ್ಗಿದರೆ ಕೇರಳದಲ್ಲಿ ಕಳ್ಳಕ್ಕಡಲ್ ಅನ್ನುತ್ತಾರೆ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಸರಕಾರಿ ಸಂಸ್ಥೆ ಇನ್‌ಕಾಯ್ಸ್ ಎಚ್ಚರಿಕೆಯಲ್ಲೂ ಅದೇ ಹೆಸರು. ನಮಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆದರೂ ಒಂದು ಕೊರೀತಾನೇ ಇತ್ತು. ನಿಂತು ನೋಡಿದ್ದೆನಲ್ಲ, ಯಾಕೆ ಕಾಣಲಿಲ್ಲ?

ಮುಂದಿನ ರವಿವಾರ ಕಯಾಕ್ ಮನೆಯಲ್ಲೇ ಬಿಟ್ಟು ಮಡಚುವ ಕುರ್ಚಿ ಮತ್ತು ಅರ್ಧ ಕಿಲೋ ಕುಂದಾ ಹಿಡಿದು ಹೋದೆ. (ಪೆಟ್ರೋಲ್ ಖರ್ಚಿನ ಬಗ್ಗೆ ಹೆಂಡತಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.) ಒಂದು ಬಂಡೆ ಗುರುತು ಹಿಡಿದು, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇಟ್ಟು, ಬಂಡೆ ದಾಟಿದ ತೆರೆ ಎಣಿಸಿದೆ. ಮೊದಲನೆಯದಕ್ಕೆ ಶುರು, ಹನ್ನೊಂದನೆಯದಕ್ಕೆ ನಿಲ್ಲಿಸಿ ಹತ್ತರಿಂದ ಭಾಗಿಸಿ. ನನಗೆ 14 ಬಂತು. ಆಮೇಲೆ ದೊಡ್ಡವು ಮಾತ್ರ ಬರೆದುಕೊಂಡೆ. ನಾಲ್ಕೈದು ಒಟ್ಟಿಗೆ ಬರುತ್ತವೆ, ಆಮೇಲೆ ಏನೂ ಇಲ್ಲ. ಅವತ್ತು ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ 13 ನಿಮಿಷ! ಹೋದ ಸಲ ನಾನು ನೋಡಿದ ಐದು ನಿಮಿಷ ಆ ಬಿಡುವಿನೊಳಗೇ ಮುಗಿದಿತ್ತು. ಈಗ ಅರ್ಧ ತಾಸು ಕೂರದೆ ಇಳಿಯುವುದಿಲ್ಲ.

ಆಮೇಲೆ ಕಯಾಕ್ ಇಳಿಸಿದ ದಿನ 0.9 ಮೀಟರ್, 7 ಸೆಕೆಂಡ್. ಆ್ಯಪ್ ಪ್ರಕಾರ ಮಗುಚಿದ ದಿನಕ್ಕಿಂತ ದೊಡ್ಡ ತೆರೆ, ಆದರೂ ಏನೂ ತೊಂದರೆ ಆಗಲಿಲ್ಲ. ಹನ್ನೊಂದರ ಹೊತ್ತಿಗೆ ದೂರದಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಂಡಿತು. ಕಡಲ ಗಾಳಿ ಹತ್ತು ನಾಟ್ ಆಸುಪಾಸಿಗೆ ಬಂತು ಅಂತ ಲೆಕ್ಕ. ತಿರುಗಿ ಬಂದೆ.

ಎಣಿಸುವ ರೂಢಿ ಹಿಡಕಲ್‌ನಲ್ಲೇ ಮಾಡೋಣ ಅಂತ ಹೋದರೆ ಅಲ್ಲಿ ಎರಡು ಸೆಕೆಂಡಿಗೊಂದು ತೆರೆ, ಎಣಿಸುವಷ್ಟರಲ್ಲಿ ತಲೆ ತಿರುಗಿತು. ಆದರೆ ಗಾಳಿ ಚೆನ್ನಾಗಿದೆ. ಹಾಗಾಗಿ ಕಯಾಕಿಗೆ ಹಾಯಿ ಕಟ್ಟುವ ಯೋಚನೆ ಬಂದಿದೆ. ಬಟ್ಟೆ ಹಳೇ ಫ್ಲೆಕ್ಸ್, ಒಬ್ಬ ನಾಯಕರ ಹುಟ್ಟುಹಬ್ಬದ್ದು, ಪುಕ್ಕಟೆ ಸಿಕ್ಕಿದೆ. ಶಹಾಪುರದ ದರ್ಜಿ ಹೊಲಿಯಲು ಒಪ್ಪಿದ್ದಾನೆ, ಮೀಸೆ ಮಧ್ಯದಲ್ಲಿ ಹೊಲಿಗೆ ಹಾಕಲು ಮಾತ್ರ ಒಲ್ಲೆ ಅಂತಾನೆ.

ಈ ರವಿವಾರಕ್ಕೆ ಕಾರವಾರದಲ್ಲಿ 0.7 ಮೀಟರ್, 16 ಸೆಕೆಂಡ್ ತೋರಿಸುತ್ತಿದೆ. ಮೀಸೆ ತಗೊಂಡು ಹಿಡಕಲ್‌ಗೇ ಹೋಗ್ತೇನೆ.