ಸಿವಿಕ್ ಎಸ್‌ಐಗೆ ಹೆಡರ್: 4-1 ಬಿಟ್ಟು 4-2-1 ಕಡೆ ವಾಲಿದ್ದು ಯಾಕೆ

ಇಂಟೇಕ್ ಕೆಲಸ ಮುಗಿಯಿತು. ಈಗ ಎಂಜಿನ್‌ನ ಹಿಂಬದಿಯ ಸರದಿ, ಅಂದರೆ ಹೆಡರ್: ನಾಲ್ಕು ಸಿಲಿಂಡರ್‌ಗಳ ಹೊಗೆಯನ್ನು ಒಂದು ಪೈಪಿಗೆ ತಂದು ಸೇರಿಸುವ ಪೈಪುಗಳ ಗೊಂಚಲು. ನಾಲ್ಕೂ ನೇರವಾಗಿ ಒಂದಾದರೆ 4-1, ಮೊದಲು ಎರಡೆರಡು ಕೂಡಿ ಆಮೇಲೆ ಒಂದಾದರೆ 4-2-1. ಹೋಂಡಾದ ಕೆ-ಸೀರೀಸ್ ಎಂಜಿನ್‌ಗಳಲ್ಲಿ ಗಾಳಿ ಒಳಗೆ ಹೋಗುವ ಇಂಟೇಕ್ ಮುಂದಿರುತ್ತದೆ, ಹೊಗೆ ಹೊರಗೆ ಬರುವ ಎಕ್ಸಾಸ್ಟ್ ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಕಡೆ ಇರುತ್ತದೆ. ಹಳೆಯ ಬಿ-ಸೀರೀಸ್‌ಗೆ ಪೂರ್ತಿ ಉಲ್ಟಾ. ಬಾನೆಟ್ ತೆಗೆದು ಎಷ್ಟು ಬಗ್ಗಿ ನೋಡಿದರೂ ಕಾಣುವುದು ಹೀಟ್ ಶೀಲ್ಡ್ ಮಾತ್ರ. ಅರ್ಧಕ್ಕರ್ಧ ಕೆಲಸ ಕಾರಿನ ಕೆಳಗೆ ಮಲಗಿಯೇ ಆಗಬೇಕು.

ಕಾರು 2006–2011ರ ತಲೆಮಾರಿನ ಸಿವಿಕ್ ಎಸ್‌ಐ. ಎಂಜಿನ್ ಕೆ20ಝಡ್3, 1998 ಸಿಸಿ, ಬೋರ್ ಮತ್ತು ಸ್ಟ್ರೋಕ್ ಎರಡೂ 86 ಮಿ.ಮೀ. 7800 ಆರ್‌ಪಿಎಂನಲ್ಲಿ 197 ಎಚ್‌ಪಿ, ರೆಡ್‌ಲೈನ್ 8000. ವಿಟೆಕ್‌ನ (ವೇಗ ಏರಿದಾಗ ವಾಲ್ವ್‌ಗಳನ್ನು ಹೆಚ್ಚು ತೆರೆಯುವ ಹೋಂಡಾ ವ್ಯವಸ್ಥೆ) ದೊಡ್ಡ ಕ್ಯಾಮ್ ಸೇರಿಕೊಳ್ಳುವುದು ಆರು ಸಾವಿರದ ಹತ್ತಿರ. ಅಲ್ಲಿಂದ ಮೇಲೆ ಈ ಎಂಜಿನ್ ಬಗ್ಗೆ ನನ್ನ ತಕರಾರೇ ಇಲ್ಲ. ಬೇಸರ ಇರುವುದು ಮೂರರಿಂದ ಐದು ಸಾವಿರದ ನಡುವೆ. ತಿರುವಿನಿಂದ ಮೂರನೇ ಗೇರಿನಲ್ಲಿ ಹೊರಗೆ ಬರುವಾಗ ಆಕ್ಸಿಲರೇಟರ್ ಒತ್ತಿದರೆ ಸದ್ದು ಜಾಸ್ತಿ ಆಗುತ್ತದೆ, ಕಾರು ಮಾತ್ರ ನಿಧಾನಕ್ಕೆ ಏಳುತ್ತದೆ.

ಟ್ಯೂನಿಂಗ್ ಮಾಡುವ ಗೆಳೆಯನದು ಒಂದೇ ಮಾತು: "ದೊಡ್ಡ 4-1 ಹಾಕು ಗುರು, ಮೇಲೆ ಹೋದಾಗ ಅದರ ಮಜಾನೇ ಬೇರೆ." ಅವನ ಕಾರು ಟ್ರ್ಯಾಕ್‌ನಲ್ಲೇ ಓಡುತ್ತದೆ, ಅವನಿಗೆ ಅದು ಸರಿ. ನನ್ನದು ದಿನಾ ರಸ್ತೆಯಲ್ಲಿ ಓಡುವ ಗಾಡಿ.

ಹೆಡರ್ ಕೆಲಸ ಅಂದರೆ ಹೊಗೆಗೆ ದಾರಿ ಅಗಲ ಮಾಡುವುದು ಅಂದುಕೊಳ್ಳುವವರು ಬಹಳ. ನಿಜವಾದ ಆಟ ಅಲೆಗಳದ್ದು. ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಒತ್ತಡದ ಒಂದು ಅಲೆ ಪೈಪಿನಲ್ಲಿ ಹೊರಡುತ್ತದೆ. ಪೈಪು ಕಲೆಕ್ಟರ್ (ಪೈಪುಗಳೆಲ್ಲ ಕೂಡುವ ಜಾಗ) ಸೇರುವ ಕಡೆ ಜಾಗ ಇದ್ದಕ್ಕಿದ್ದಂತೆ ಅಗಲವಾಗುತ್ತದಲ್ವಾ, ಅಲ್ಲಿಂದ ಅದು ಕಡಿಮೆ ಒತ್ತಡದ ಅಲೆಯಾಗಿ ವಾಪಸ್ ಬರುತ್ತದೆ. ಇಂಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್ ಎರಡೂ ಸ್ವಲ್ಪ ತೆರೆದಿರುವ ಹೊತ್ತಿಗೇ ಅದು ಸಿಲಿಂಡರ್ ಮುಟ್ಟಿದರೆ, ಉಳಿದ ಹೊಗೆಯನ್ನು ಎಳೆದುಕೊಂಡು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಪೈಪು ಉದ್ದವಾದಷ್ಟೂ ಈ ಹೊಂದಾಣಿಕೆ ಕೆಳಗಿನ ಆರ್‌ಪಿಎಂಗೆ ಇಳಿಯುತ್ತದೆ. ಗಿಡ್ಡವಾದರೆ ಮೇಲಕ್ಕೆ ಏರುತ್ತದೆ.

ಎರಡನೆಯದು, ಸಿಲಿಂಡರ್‌ಗಳು ಒಂದಕ್ಕೊಂದು ಅಡ್ಡ ಬರುವುದು. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್ 180 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸಿಲಿಂಡರ್ ಹೊಗೆ ಬಿಡುತ್ತದೆ. ಆದರೆ ಎಕ್ಸಾಸ್ಟ್ ವಾಲ್ವ್ ತೆರೆದಿರುವುದು 180 ಡಿಗ್ರಿಗಿಂತ ಜಾಸ್ತಿ. ಅಂದರೆ ಒಂದು ಸಿಲಿಂಡರ್‌ನ ವಾಲ್ವ್ ಇನ್ನೂ ಮುಚ್ಚಿರುವುದಿಲ್ಲ, ಅಷ್ಟರಲ್ಲಿ ಮುಂದಿನದರ ಜೋರಾದ ಅಲೆ ಹೊರಟಿರುತ್ತದೆ. ಎಲ್ಲ ಪೈಪೂ ಬೇಗ ಕೂಡಿಬಿಟ್ಟರೆ, ಕಿರಿದಾದ ಬಾಗಿಲಲ್ಲಿ ಹೊರಗೆ ಹೋಗುವವರಿಗೆ ಒಳಗೆ ನುಗ್ಗುವವರು ಎದುರಾದ ಹಾಗೆ.

4-2-1ರಲ್ಲಿ ಈ ಗಲಾಟೆಗೆ ಒಳ್ಳೆಯ ಉಪಾಯ ಇದೆ. ಫೈರಿಂಗ್ ಆರ್ಡರ್ 1-3-4-2. ಮೊದಲು 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಜೋಡಿಯ ಒಳಗೆ ಅಲೆಗಳ ನಡುವಿನ ಅಂತರ 360 ಡಿಗ್ರಿ, ಹಾಗಾಗಿ ಒಂದನ್ನೊಂದು ತಡೆಯುವುದಿಲ್ಲ. ಆಮೇಲೆ ಎರಡೂ ಜೋಡಿ ಒಂದಾಗುತ್ತವೆ. ಅಲೆ ಹಿಂದಿರುಗುವ ಜಾಗವೂ ಎರಡಾಗುತ್ತದೆ. ಅದಕ್ಕೇ ಲಾಭ ಅಗಲವಾಗಿ ಹರಡಿಕೊಂಡು ನಡುವಿನ ಆರ್‌ಪಿಎಂನಲ್ಲೂ ಸಿಗುತ್ತದೆ. ಗಿಡ್ಡ, ದಪ್ಪ 4-1 ತನ್ನ ಲಾಭವನ್ನೆಲ್ಲ ಮೇಲೆ ಒಂದೇ ಕಡೆ ಕೂಡಿಸಿಕೊಡುತ್ತದೆ. ಗರಿಷ್ಠ ಎಚ್‌ಪಿ ನೋಡಿದರೆ ಅದೇ ಗೆಲ್ಲಬಹುದು. ಡೈನೋ ಗ್ರಾಫ್ (ಯಾವ ಆರ್‌ಪಿಎಂನಲ್ಲಿ ಎಷ್ಟು ಶಕ್ತಿ ಅಂತ ಅಳೆದ ಗೆರೆ) ನೋಡುವಾಗ ನಾನು ತುದಿಯನ್ನು ಕೈಯಲ್ಲಿ ಮುಚ್ಚಿ, 3000ದಿಂದ 6000ದ ತನಕ ಎರಡು ಗೆರೆಗಳ ನಡುವೆ ಎಷ್ಟು ಜಾಗ ಇದೆ ಅಂತ ನೋಡುತ್ತೇನೆ. ನನ್ನ ಓಡಾಟ ಅಲ್ಲೇ.

ಪೈಪಿನ ಅಳತೆ. ಈ ಎಂಜಿನ್‌ಗೆ ಸಾಮಾನ್ಯವಾಗಿ ಸಿಗುವ ಹೆಡರ್‌ಗಳ ಪ್ರೈಮರಿ, ಅಂದರೆ ಸಿಲಿಂಡರ್‌ನಿಂದ ಹೊರಡುವ ಮೊದಲ ಪೈಪು, ಒಂದೂಮುಕ್ಕಾಲು ಇಂಚಿನ ಆಸುಪಾಸು. ಎಂಜಿನ್ ಒಳಗೇನೂ ಮುಟ್ಟದ ನನ್ನಂಥ ಕಾರಿಗೆ ಅದಕ್ಕಿಂತ ಒಂದು ಸುತ್ತು ಸಣ್ಣದು, ಅಂದರೆ ಸುಮಾರು 41 ಮಿ.ಮೀ. ಸಾಕು. ಪೈಪು ದಪ್ಪವಾದರೆ ಗ್ಯಾಸಿನ ವೇಗ ಬೀಳುತ್ತದೆ. "ಸ್ವಲ್ಪ ಬ್ಯಾಕ್ ಪ್ರೆಶರ್ ಇರಬೇಕು" ಅಂತ ಹೇಳುವವರು ಈ ವೇಗಕ್ಕೇ ತಪ್ಪು ಹೆಸರು ಕೊಟ್ಟಿರುತ್ತಾರೆ. ಬ್ಯಾಕ್ ಪ್ರೆಶರ್ ಯಾವ ಎಂಜಿನ್‌ಗೂ ಬೇಡ.

ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಇರಲೇಬೇಕು, ಅದರಲ್ಲಿ ರಾಜಿ ಇಲ್ಲ. ಕಂಪನಿಯವರು ಕ್ಯಾಟನ್ನು ಎಂಜಿನ್‌ಗೆ ಹತ್ತಿರ ಇಟ್ಟಿರುವುದು ಬೇಗ ಬಿಸಿಯಾಗಿ ಕೆಲಸ ಶುರುಮಾಡಲಿ ಅಂತ. ಉದ್ದದ ಹೆಡರ್ ಹಾಕಿದರೆ ಅದಕ್ಕೆ ಜಾಗವೇ ಉಳಿಯುವುದಿಲ್ಲ, ಕೆಳಗೆ ಸರಿಯಬೇಕು. ತೆಗೆದೇ ಬಿಟ್ಟರೆ ಬಹಳ ಕಡೆ ಕಾನೂನಿಗೆ ವಿರುದ್ಧ. ಜೊತೆಗೆ ಆ ಹಸಿ ವಾಸನೆ, ಚೆಕ್ ಎಂಜಿನ್ ದೀಪ, ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡು. ಕಲೆಕ್ಟರ್ ಆದ ಕೂಡಲೇ ಚದರ ಇಂಚಿಗೆ 200 ಸೆಲ್ (ಸಣ್ಣ ರಂಧ್ರ) ಇರುವ ಲೋಹದ ಕ್ಯಾಟ್ ಬರುತ್ತದೆ. ಆದಷ್ಟು ಎಂಜಿನ್ ಹತ್ತಿರವೇ ಕೂರಿಸುತ್ತಿದ್ದೇನೆ.

ಪಟ್ಟಿಯಲ್ಲಿ ಕೊನೆಗೆ ಎರಡು ಹೆಡರ್ ಉಳಿದವು. ಎರಡೂ 4-2-1, ಎರಡೂ 304 ಸ್ಟೇನ್‌ಲೆಸ್. ಫೋಟೋದಲ್ಲಿ ಹೆಚ್ಚು ಹೊಳೆಯುತ್ತಿದ್ದುದರ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ವೆಲ್ಡಿನ ಒಳಮೈ ಕಪ್ಪಗೆ, ಸುಟ್ಟ ಸಕ್ಕರೆಯಂಥ ಹರಳು ಹರಳು. ಉಗುರಿನಲ್ಲಿ ಕೆರೆದರೆ ಉದುರಿತು. ವೆಲ್ಡ್ ಮಾಡುವಾಗ ಪೈಪಿನ ಒಳಗೆ ಆರ್ಗಾನ್ ತುಂಬಿಸದಿದ್ದರೆ ಹೀಗೆಯೇ ಆಗುವುದು. ಬಿರುಕು ಶುರುವಾಗುವುದೂ ಅಲ್ಲೇ, ಉದುರಿದ ಚೂರು ಹೋಗಿ ಬೀಳುವುದು ಕ್ಯಾಟ್ ಮೇಲೆ. ಇನ್ನೊಂದರ ಒಳಗೆ ತೆಳ್ಳಗಿನ ನೀಟಾದ ಗೆರೆ ಇತ್ತು, ಅಷ್ಟೇ. ಹೊರಗಡೆ ಮಂಕಾಗಿದೆ, ಇರಲಿ. ಅದನ್ನೇ ತೆಗೆದುಕೊಂಡೆ.

ಇದರಲ್ಲಿ ಜೋಡಿಗಳು ಒಂದಾಗುವ ಕಡೆ ಸ್ಲಿಪ್ ಜಾಯಿಂಟ್ ಇದೆ, ಕೆಳಗೆ ಫ್ಲೆಕ್ಸ್ ಪೈಪ್ ಇದೆ. ಎರಡೂ ಸುಮ್ನೆ ಇಟ್ಟಿದ್ದಲ್ಲ. 70 ಸೆಂ.ಮೀ. ಉದ್ದದ 304 ಪೈಪು 500 ಡಿಗ್ರಿ ಬಿಸಿ ಏರಿದರೆ ಸುಮಾರು 6 ಮಿ.ಮೀ. ಹಿಗ್ಗುತ್ತದೆ. ಅಡ್ಡ ಕೂತ ಎಂಜಿನ್ ಗೇರ್ ಹಾಕಿದಾಗಲೆಲ್ಲ ಹಿಂದೆ ಮುಂದೆ ವಾಲುತ್ತದೆ. ಅದಕ್ಕೆ ಜಾಗ ಕೊಡದಿದ್ದರೆ ಒಂದಲ್ಲ ಒಂದು ವೆಲ್ಡ್ ಬಿಡುತ್ತದೆ.

ಹೊಸ ಗ್ಯಾಸ್ಕೆಟನ್ನು ಫ್ಲ್ಯಾಂಜಿನ ಮೇಲಿಟ್ಟು ಮಾರ್ಕರ್‌ನಲ್ಲಿ ಗೆರೆ ಎಳೆದು ನೋಡಿದೆ. ಹೆಡರ್‌ನ ರಂಧ್ರ ಹೆಡ್‌ನ ಪೋರ್ಟಿಗಿಂತ ಸುತ್ತಲೂ ಕೂದಲೆಳೆಯಷ್ಟು ದೊಡ್ಡದು. ಹಾಗೇ ಇರಬೇಕು. ಹೊಗೆ ಹೊರಗೆ ಹೋಗುವಾಗ ಮೆಟ್ಟಿಲು ಅಡ್ಡ ಬರುವುದಿಲ್ಲ, ವಾಪಸ್ ಬರುವಾಗ ಸ್ವಲ್ಪ ತಡೆಯುತ್ತದೆ. ಉಜ್ಜುವ ಕೆಲಸ ತಪ್ಪಿತು. ಮೇಲಿನ ಆಕ್ಸಿಜನ್ ಸೆನ್ಸರ್ ಕೂರುವ ಬಂಗ್ (ವೆಲ್ಡ್ ಮಾಡಿದ ತಿರುಪಿನ ಕಿಂಡಿ) ನಾಲ್ಕೂ ಪೈಪು ಸೇರಿದ ಮೇಲಿದೆ, ಮೇಲ್ಮುಖವಾಗಿ ಓರೆಯಾಗಿದೆ. ನೀರು ನಿಲ್ಲುವುದಿಲ್ಲ, ಎಲ್ಲ ಸಿಲಿಂಡರ್‌ನ ಗ್ಯಾಸೂ ಸಿಗುತ್ತದೆ.

ಹೀಟ್ ರ‍್ಯಾಪ್ ಸುತ್ತುವುದಿಲ್ಲ. ನೀರು ಹೀರಿಕೊಂಡು ಕೂರುತ್ತದೆ, ಒಳಗೆ ಬಿರುಕು ಬಿಟ್ಟರೂ ಕಾಣುವುದಿಲ್ಲ. ಸ್ಟೀರಿಂಗ್ ರ‍್ಯಾಕ್ ಬೂಟಿನ ಹತ್ತಿರ ಒಂದು ಸಣ್ಣ ಶೀಲ್ಡ್ ಮಾಡಿಕೊಳ್ಳುತ್ತೇನೆ.

ಹಳೆಯ ನಟ್‌ಗಳಿಗೆ ಪೆನಿಟ್ರೇಟಿಂಗ್ ಆಯಿಲ್ ಹೊಡೆದಿಟ್ಟಿದ್ದೇನೆ, ನೆನೆಯುತ್ತಿವೆ. ಹೆಡರ್ ಕೂರಿಸಿ ಒಮ್ಮೆ ಬಿಸಿ ಮಾಡಿ, ತಣ್ಣಗಾದ ಮೇಲೆ ನಟ್‌ಗಳನ್ನು ಮತ್ತೆ ಟಾರ್ಕ್ ಮಾಡಬೇಕು. ಆಮೇಲೆ ಹೊಂಡಾಟಾ ಫ್ಲ್ಯಾಶ್‌ಪ್ರೊದಲ್ಲಿ (ಎಂಜಿನ್ ಕಂಪ್ಯೂಟರನ್ನು ಟ್ಯೂನ್ ಮಾಡುವ ಸಾಧನ) ಲಾಗ್ ತೆಗೆದು, ಫ್ಯೂಯಲ್ ಟೇಬಲ್ ಸರಿಮಾಡಿ, ವಿಟೆಕ್ ಸೇರುವ ಆರ್‌ಪಿಎಂ ಎಷ್ಟು ಕೆಳಗಿಳಿಸಬಹುದು ಅಂತ ಎರಡು ಕ್ಯಾಮ್‌ಗಳ ಟಾರ್ಕ್ ಗೆರೆ ಒಂದರ ಮೇಲೊಂದು ಇಟ್ಟು ನೋಡಬೇಕು. ಗೆರೆಗಳು ಕೂಡುವ ಕಡೆಯೇ ಅದನ್ನು ಇಡುವುದು. ಗ್ರಾಫ್ ಬಂದ ಮೇಲೆ ಹಾಕುತ್ತೇನೆ, ತುದಿ ಮುಚ್ಚದೆ.